ಏಳನೆಯ ಹಾಡಿನ ಕೊನೆಯಲ್ಲೊಂದು ಸದ್ದು

ಕಳೆದ ಶುಕ್ರವಾರ ಐರ್ಲೆಂಡಿನ ಗಾಲ್ವೇಯಲ್ಲಿ ನನ್ನ ಗೆಳತಿಯ ಮೊದಲ ಆಲ್ಬಂ ಬಿಡುಗಡೆಯಾಯಿತು. ಒಂಬತ್ತು ಹಾಡು. ಕಂಠ ಅವಳದು, ಗಿಟಾರು ಅವಳದು, ಸಾಹಿತ್ಯವೂ ಅವಳದೇ. ಆರು ಹಾಡುಗಳಲ್ಲಿ ಪಿಟೀಲು ನನ್ನದು. ಹೊದಿಕೆಯ ಹಿಂಬದಿಯಲ್ಲಿ ನನ್ನ ಹೆಸರೂ ಇದೆ, ಕನ್ನಡಕ ಹಾಕಿಕೊಂಡರೆ ಕಾಣಿಸುತ್ತದೆ. ಮೂರು ದಿನದಿಂದ ನೀವೆಲ್ಲ ಕಳುಹಿಸುತ್ತಿರುವ ಸಂದೇಶಗಳಿಗೆ ಒಬ್ಬೊಬ್ಬರಿಗೇ ಉತ್ತರಿಸಲು ಆಸ್ಪತ್ರೆಯ ರಾತ್ರಿ ಪಾಳಿ ಬಿಡುತ್ತಿಲ್ಲ. ಹಾಗಾಗಿ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ಪಿಟೀಲು ಕುಯ್ಯುತ್ತಿದ್ದಾಳೆ ಎಂದು ಗೊಣಗಬೇಡಿ. ಕುಯ್ಯುವುದೇ ಈಗ ನನ್ನ ಎರಡನೆಯ ಕಸುಬು.

ವಾರಗಟ್ಟಲೆ ಮಗನ ಊಟ, ಶಾಲೆ, ಜ್ವರ ಎಲ್ಲವನ್ನೂ ನೋಡಿಕೊಂಡ ನಮ್ಮ ಮನೆಯವರಿಗೆ, ಪಾಳಿ ಅದಲುಬದಲು ಮಾಡಿಕೊಂಡ ವಾರ್ಡಿನ ಗೆಳತಿಯರಿಗೆ, ಕೇಳದೆಯೇ ಚಿತ್ರಾನ್ನ, ಮೊಸರನ್ನ ತಂದಿಟ್ಟು ಹೋದ ಇಲ್ಲಿನ ಕನ್ನಡದ ಮನೆಗಳಿಗೆ, ನನ್ನ ತಪ್ಪು ಎಳೆತಗಳನ್ನೆಲ್ಲ ತಾಳ್ಮೆಯಿಂದ ಅಳಿಸಿ ಮತ್ತೆ ಮುದ್ರಿಸಿದ ಧ್ವನಿಯ ಹುಡುಗನಿಗೆ ಋಣಿ. ಐರ್ಲೆಂಡಿನ ಸರ್ಕಾರಕ್ಕೂ ಒಂದು ನಮಸ್ಕಾರ ಸಲ್ಲಬೇಕು. 2022ರಲ್ಲಿ ಇಲ್ಲಿ 2,000 ಕಲಾವಿದರಿಗೆ ವಾರಕ್ಕೆ 325 ಯೂರೊ ಮೂಲ ಆದಾಯ ಕೊಡುವ ಪ್ರಾಯೋಗಿಕ ಯೋಜನೆ ಶುರುವಾಯಿತು, ನನ್ನ ಗೆಳತಿ ಆ ಎರಡು ಸಾವಿರದಲ್ಲಿ ಒಬ್ಬಳು. ಶಾಪ್ ಸ್ಟ್ರೀಟಿನಲ್ಲಿ ಮಳೆಗೆ ನೆನೆಯುತ್ತ ಹಾಡಿ ಗಿಟಾರಿನ ಪೆಟ್ಟಿಗೆಗೆ ಬಿದ್ದ ಚಿಲ್ಲರೆ ಎಣಿಸುತ್ತಿದ್ದವಳಿಗೆ ಕೂತು ಬರೆಯುವ ಪುರುಸೊತ್ತು ಸಿಕ್ಕಿದ್ದು ಅದರಿಂದ. ನನ್ನ ಸಂಬಳದಲ್ಲಿ ಹಿಡಿಯುವ ತೆರಿಗೆಯ ಬಗ್ಗೆ ಅಂದಿನಿಂದ ನಾನು ಸ್ವಲ್ಪ ಕಡಿಮೆ ಗೊಣಗುತ್ತೇನೆ.

ನಾನು ಇದರೊಳಗೆ ಹೇಗೆ ಸಿಕ್ಕಿಬಿದ್ದೆ ಎಂದು ಹಲವರು ಕೇಳಿದ್ದೀರಿ. ಗಾಲ್ವೇಯ ಸೀ ರೋಡಿನಲ್ಲಿ ಕ್ರೇನ್ ಬಾರ್ ಎಂಬ ಜಾಗವಿದೆ. ವೇದಿಕೆ, ಮೈಕು ಏನೂ ಇಲ್ಲದೆ ಹತ್ತು ಜನ ಒಂದು ಮೂಲೆಯಲ್ಲಿ ದುಂಡಗೆ ಕೂರುತ್ತಾರೆ. ಒಬ್ಬರು ಒಂದು ಮಟ್ಟು ಎತ್ತಿಕೊಂಡರೆ ಗೊತ್ತಿದ್ದವರು ಸೇರಿಕೊಳ್ಳುತ್ತಾರೆ, ಗೊತ್ತಿಲ್ಲದವರು ಸುಮ್ಮನಿರುತ್ತಾರೆ. ಆ ಶಿಸ್ತು ನನಗೆ ಬಹಳ ಹಿಡಿಸಿತು. ಕೇಳುತ್ತ ಕೂತರೆ ಕಿವಿಗೆ ಬೀಳುವುದೆಲ್ಲ ಪರಿಚಯದ್ದೇ. ಅವರು ಡೋರಿಯನ್ ಎನ್ನುವುದು ನಮ್ಮ ಖರಹರಪ್ರಿಯ ರಾಗದ ಸ್ವರಗಳು, ಮಿಕ್ಸೊಲಿಡಿಯನ್ ಎನ್ನುವುದು ಹರಿಕಾಂಭೋಜಿಯವು. ಸ್ವರ ಅವೇ, ನಡೆ ಬೇರೆ. ಪಿಟೀಲು ಎಂಬ ನಮ್ಮ ಮಾತೇ ಅವರ ಫಿಡಲ್‌ನಿಂದ ಬಂದದ್ದಲ್ಲವೇ? ಚೌಡಯ್ಯನವರು ಏಳು ತಂತಿಯ ಪಿಟೀಲು ನುಡಿಸಿದ ಮೈಸೂರಿನಿಂದ ಬಂದವಳಿಗೆ ನಾಲ್ಕು ತಂತಿಯದೇನು ಕಷ್ಟ ಎಂಬ ಜಂಬದಲ್ಲಿ ಒಂದು ದಿನ ನನ್ನ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋದೆ.

ಜಂಬ ಕಾಲು ಗಂಟೆಯಲ್ಲಿ ಇಳಿಯಿತು. ನಮ್ಮಲ್ಲಿ ಸ–ಪ–ಸ–ಪ ಎಂದು ತಂತಿ ಕಟ್ಟುತ್ತೇವೆ. ಅವರಲ್ಲಿ ಪ್ರತಿ ತಂತಿಯೂ ಪಕ್ಕದ್ದರ ಪಂಚಮ. ನಾನು ಕಲಿತದ್ದು ಚಾಪೆಯ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿನ ಮೇಲೆ ಊರಿ. ಹಾಗೆ ಊರಿದರೆ ಎಡಗೈಗೆ ವಾದ್ಯ ಹಿಡಿಯುವ ಕೆಲಸವೇ ಇಲ್ಲ, ಜಾರಿದಷ್ಟೂ ಜಾರುತ್ತದೆ. ಕುರ್ಚಿಯ ಮೇಲೆ ಕೂತು ಗಲ್ಲದ ಕೆಳಗೆ ಒತ್ತಿಕೊಂಡಾಗ ಬೆರಳಿಗೆ ದಾರಿಯೇ ತಪ್ಪಿತು. ಆ ರಾತ್ರಿ ನಗದೆ ಇದ್ದವಳು ಈ ಗೆಳತಿಯೊಬ್ಬಳೇ. ಮರುವಾರ ತನ್ನ ಕೋಣೆಗೆ ಕರೆದು ಒಂದು ಹಾಡು ಹಾಡಿದಳು. ನಾನು ಕಂಡ ಕಂಡ ಸ್ವರಕ್ಕೆಲ್ಲ ಗಮಕ ಹಾಕಿ ತೂಗಾಡಿಸಿದೆ. ಗಿಟಾರು ಕೆಳಗಿಟ್ಟು, "ತುಂಬ ಚೆನ್ನಾಗಿದೆ. ಇದರಲ್ಲಿ ಒಂದು ಸ್ವರವನ್ನಾದರೂ ಸುಮ್ಮನೆ ನಿಲ್ಲುವುದಕ್ಕೆ ಬಿಡುತ್ತೀರಾ?" ಎಂದಳು. ಹನ್ನೆರಡು ವರ್ಷದ ಪಾಠದಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಗೆಳತೀ, ನಿನಗೆ ಇಲ್ಲಿ ಬೇರೆ ಧನ್ಯವಾದ ಬರೆಯುವುದಿಲ್ಲ. ನಿನಗೆ ಕನ್ನಡ ಬರುವುದಿಲ್ಲ, ಅನುವಾದದ ಯಂತ್ರಕ್ಕೆ ಹಾಕಿದರೆ ಅದು ಏನೇನೋ ಹೇಳುತ್ತದೆ. ಭಾನುವಾರ ಮನೆಗೆ ಬಾ, ಬಿಸಿಬೇಳೆಬಾತ್ ಮಾಡುತ್ತೇನೆ.

ಈಗ ನಾನು ನಿಜವಾಗಿ ಬರೆಯಬೇಕಾದವರ ವಿಷಯ. ಅವರ ಹೆಸರು ಹೊದಿಕೆಯ ಮೇಲಿಲ್ಲ. ಹಾಕುತ್ತೇವೆಂದರೆ, "ನಾನೇನು ಹಾಡಿದೆನೇ?" ಎಂದು ರೇಗಿದರು. ಅವರು ನನ್ನ ಗೆಳತಿಯ ಅಜ್ಜಿಯ ತಂಗಿ. ಇಂಗ್ಲಿಷಿನಲ್ಲಿ ಆ ನಂಟನ್ನು ಹೇಳಲು ಸುತ್ತಿ ಬಳಸಬೇಕು. ನನಗೆ ಮೊದಲ ದಿನದಿಂದಲೇ ಚಿಕ್ಕಜ್ಜಿ. ಸ್ಪಿಡಲ್ ದಾಟಿ ಪಶ್ಚಿಮಕ್ಕೆ ಹೋದರೆ, ಐರಿಷ್ ಭಾಷೆಯನ್ನೇ ಮನೆಮಾತಾಗಿ ಆಡುವ ಸೀಮೆಯಲ್ಲಿ ಅವರ ಕಲ್ಲುಗೋಡೆಯ ಮನೆ. ಸ್ಟುಡಿಯೊಗೆ ಹಣವಿಲ್ಲ ಎಂದಾಗ ಗೆಳತಿ ಕೊಟ್ಟ ಸಮಾಧಾನ, ಐರಿಷ್ ಗಾಯಕ ಡೇಮಿಯನ್ ರೈಸ್ 2002ರಲ್ಲಿ ಬಂದ ತನ್ನ ಮೊದಲ ಆಲ್ಬಂ 'ಓ'ದ ಬಹುಪಾಲನ್ನು ಮನೆಯಲ್ಲೇ ಮುದ್ರಿಸಿಕೊಂಡಿದ್ದ ಎಂಬುದು. ಸರಿ, 2025ರ ಜನವರಿಯಲ್ಲಿ ಒಂದು ವಾರ ರಜೆ ಹಾಕಿ ಹೋದೆವು. ಕಿಟಕಿಗಳಿಗೆ ಉಣ್ಣೆಯ ಕಂಬಳಿ ಹೊದಿಸಿ ಅಡುಗೆಮನೆಯಲ್ಲಿ ಮೈಕು ನಿಲ್ಲಿಸಿದೆವು.

ಅಮ್ಮನ ವಿಷಯ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಮೈಸೂರಿನಲ್ಲಿ ಮುಂದಿನ ವಾರವೆಂದಿದ್ದ ಅವಳ ಆಪರೇಷನ್ ಇದ್ದಕ್ಕಿದ್ದಂತೆ ಶುಕ್ರವಾರಕ್ಕೆ ಬಂತು. ನನ್ನ ಟಿಕೆಟ್ ಶನಿವಾರದ್ದು. ಆ ಶುಕ್ರವಾರ, ಜನವರಿ 24, ಎಓವಿನ್ ಚಂಡಮಾರುತ ಐರ್ಲೆಂಡಿಗೆ ಅಪ್ಪಳಿಸಿದ ದಿನ. ನಾವಿದ್ದ ಕರಾವಳಿಯಲ್ಲೇ, ಮೇಸ್ ಹೆಡ್ ಎಂಬಲ್ಲಿ, ಗಾಳಿಯ ವೇಗ ಗಂಟೆಗೆ 180 ಕಿಲೋಮೀಟರ್ ದಾಟಿ 1945ರ ದಾಖಲೆಯನ್ನು ಮುರಿಯಿತು. ದೇಶದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಕಡೆ ಕರೆಂಟು ಹೋಯಿತು. ಇವೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ರಾತ್ರಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ತಮ್ಮನಿಂದ ಸಂದೇಶ ಬಂತು, "ಒಳಗೆ ಕರೆದುಕೊಂಡು ಹೋದರು." ಅದಾದ ಸ್ವಲ್ಪ ಹೊತ್ತಿಗೆ ದೀಪ ಹೋಯಿತು, ಅದರ ಹಿಂದೆಯೇ ಮೊಬೈಲಿನ ಸಿಗ್ನಲ್ಲೂ ಹೋಯಿತು.

ನಾಲ್ಕು ಗಂಟೆಗೆ ಚಿಕ್ಕಜ್ಜಿ ಎದ್ದು ಬಂದಾಗ ನಾನು ಅಡುಗೆಮನೆಯ ಕತ್ತಲಲ್ಲಿ ಮೊಬೈಲನ್ನು ಕಿಟಕಿಯ ಗಾಜಿಗೆ ಒತ್ತಿ ನಿಂತಿದ್ದೆ. ಏನಾಯಿತು ಎಂದು ಕೇಳಲಿಲ್ಲ, ಮೊದಲು ನನ್ನನ್ನು ಕಿಟಕಿಯಿಂದ ಈಚೆಗೆ ಎಳೆದರು. ಮೇಲಿನಿಂದ ಹೆಂಚುಗಲ್ಲುಗಳು ಕಿತ್ತು ಹಾರುವ ಸದ್ದು ಕೇಳುತ್ತಿತ್ತು. ಒಲೆಯ ಬಾಗಿಲು ತೆರೆದು, ಬೆರಣಿಯ ಹಾಗೆ ಗೋಡೆಗೆ ಒಟ್ಟಿದ್ದ ಟರ್ಫ್ ಹೆಂಟೆಗಳಲ್ಲಿ ಎರಡನ್ನು ಒಳಗಿಟ್ಟರು. ಅದು ಇಲ್ಲಿನ ಜೌಗು ನೆಲದಿಂದ ಕಡಿದು ಒಣಗಿಸುವ ಮಣ್ಣಿನ ಸೌದೆ; ಅದರ ಹೊಗೆಯ ವಾಸನೆ ಇಂದಿಗೂ ನನ್ನ ಪಿಟೀಲಿನ ಪೆಟ್ಟಿಗೆಯೊಳಗಿದೆ. ಚಹಾ ಕಾಯಿಸಿ ಕೊಟ್ಟರು. ವಿಷಯ ಹೇಳಿದೆ. "ಎಲ್ಲ ಸರಿಹೋಗುತ್ತದೆ" ಎನ್ನುತ್ತಾರೇನೋ ಎಂದು ಕಾದೆ. ಹದಿನೈದು ವರ್ಷ ನಾನು ಇತರರ ಮಕ್ಕಳಿಗೆ ವಾರ್ಡಿನ ಹೊರಗೆ ನಿಂತು ಹೇಳುತ್ತ ಬಂದ ಮಾತು ಅದು. ಅವರು ಹೇಳಲಿಲ್ಲ. "ಅಮ್ಮನ ಹೆಸರೇನು?" ಎಂದು ಕೇಳಿದರು.

ಹೇಳಿದೆ. ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ಜಪಮಾಲೆ ತೆಗೆದುಕೊಂಡು ಕೂತರು. ಪ್ರಾರ್ಥನೆಯೆಲ್ಲ ಐರಿಷಿನಲ್ಲಿ. ಅಮ್ಮ ಶುಕ್ರವಾರ ಓದುವ ಸಹಸ್ರನಾಮದ ಹಾಗೆಯೇ ಅದೇ ಏರು, ಅದೇ ಇಳಿತ, ಅದೇ ಅವಸರ. ಹತ್ತು ಮಣಿಗೊಮ್ಮೆ ನಡುವೆ ಅಮ್ಮನ ಹೆಸರು ಬರುತ್ತಿತ್ತು, ಒಂದು ಅಕ್ಷರ ತಪ್ಪಾಗಿ. ಆ ಇಡೀ ರಾತ್ರಿಯಲ್ಲಿ ನನಗೆ ಅರ್ಥವಾದ ಶಬ್ದ ಅದೊಂದೇ.

ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದುಬಿಡುತ್ತೇನೆ. ಐದು ಗಂಟೆಯ ಹೊತ್ತಿಗೆ, ಅಂದರೆ ಮೈಸೂರಿನಲ್ಲಿ ಹತ್ತೂವರೆಗೆ, ನನ್ನ ತಲೆಯೊಳಗೆ ಅಮ್ಮ ಆಗಲೇ ಹೋಗಿಬಿಟ್ಟಿದ್ದಳು. ವಿಮಾನ ಹಾರದಿದ್ದರೆ ಮುಖ ಸಿಗುವುದಿಲ್ಲ, ಹತ್ತನೆಯ ದಿನಕ್ಕಾದರೂ ಮುಟ್ಟಬೇಕು, ಹದಿಮೂರಕ್ಕೆ ರಜೆ ಎಷ್ಟು ಉಳಿಯುತ್ತದೆ, ಅವಳ ರೇಷ್ಮೆ ಸೀರೆಗಳನ್ನು ಯಾರಿಗೆ ಕೊಡುವುದು. ಸೀರೆಗಳವರೆಗೂ ಹೋಗಿದ್ದೆ. ಎದುರಿಗೆ ಒಬ್ಬ ಮುದುಕಿ ಅವಳ ಹೆಸರನ್ನು ತಪ್ಪಾಗಿ ಉಚ್ಚರಿಸುತ್ತ ಅವಳನ್ನು ಬದುಕಿಸಿಡುತ್ತಿದ್ದರೆ, ಹೆತ್ತ ಮಗಳು ಇಲ್ಲಿ ಕೂತು ಸೀರೆ ಹಂಚುತ್ತಿದ್ದಳು.

ನನ್ನ ಮುಖದಲ್ಲಿ ಏನು ಕಂಡಿತೋ, ಮಾಲೆ ಜೇಬಿಗೆ ಹಾಕಿಕೊಂಡು ಪಿಟೀಲಿನ ಪೆಟ್ಟಿಗೆಯತ್ತ ಕೈ ತೋರಿಸಿದರು. ಕುರ್ಚಿ ಬಿಟ್ಟು ಒಲೆಯ ಮುಂದೆ ನೆಲಕ್ಕೆ ಕೂತೆ. ತಂತಿಗಳನ್ನು ಸ–ಪ–ಸ–ಪಕ್ಕೆ ತಿರುಗಿಸಿಕೊಂಡು, ಬಲಗಾಲು ಚಾಚಿ, ಅಮ್ಮನೇ ಬಾಯಿಪಾಠ ಮಾಡಿಸಿದ್ದ ದೇವರನಾಮವೊಂದನ್ನು ನುಡಿಸಿದೆ. ಗಾಳಿಯ ಅಬ್ಬರಕ್ಕೆ ನನಗೇ ಅರ್ಧ ಕೇಳಿಸಲಿಲ್ಲ. ಅದು ಆಲ್ಬಂನಲ್ಲಿಲ್ಲ, ಯಂತ್ರಗಳೆಲ್ಲ ಸತ್ತು ಮಲಗಿದ್ದವು. ಒಳ್ಳೆಯದೇ ಆಯಿತು, ಶ್ರುತಿ ಎಲ್ಲಿತ್ತೋ ದೇವರಿಗೇ ಗೊತ್ತು. ಬೆಳಕು ಹರಿಯುವವರೆಗೆ, ಅಂದರೆ ಈ ದೇಶದ ಜನವರಿಯಲ್ಲಿ ಎಂಟೂವರೆಯವರೆಗೆ, ಆ ಹೆಂಗಸು ಕುರ್ಚಿ ಬಿಟ್ಟು ಏಳಲಿಲ್ಲ. ಅವರಿಗೆ ಎಂಬತ್ತೊಂದು ವರ್ಷ.

ಗಾಳಿ ತಗ್ಗಿದ ಮೇಲೆ ಪಕ್ಕದ ಹೊಲದ ಹುಡುಗ ಗರಗಸದ ಯಂತ್ರ ಹಿಡಿದು ಟ್ರ್ಯಾಕ್ಟರಿನಲ್ಲಿ ಬಂದ. ರಸ್ತೆಗೆ ಬಿದ್ದ ಮರ ಕೊಯ್ಯುತ್ತ, ಸರಿಸುತ್ತ, ನನ್ನನ್ನೂ ಹತ್ತಿಸಿಕೊಂಡು ಗಾಲ್ವೇ ಕಡೆಗೆ ಹೊರಟ. ಬಾರ್ನಾ ಹತ್ತಿರ ಬರುವಾಗ ಮೊಬೈಲು ಜೇಬಿನಲ್ಲಿ ಒಂದೇ ಸಮನೆ ಅದುರತೊಡಗಿತು. ತೆಗೆದು ನೋಡುವ ಧೈರ್ಯವಾಗದೆ ಅವನ ಕೈಗೇ ಕೊಟ್ಟೆ. ಕನ್ನಡದಲ್ಲಿದ್ದ ಸಂದೇಶಗಳನ್ನು ಪಾಪ ಅವನು ಏನೆಂದು ಓದಿಯಾನು? ಹಿಂದಕ್ಕೆ ಕೊಟ್ಟ. ಕೊನೆಯದು ತಮ್ಮನದು: "ಎಚ್ಚರವಾಗಿದೆ. ಬೈಯುತ್ತಿದ್ದಾಳೆ." ಟ್ರ್ಯಾಕ್ಟರಿನ ಹುಡುಗನೇ, ನಿನ್ನ ಅಂಗಿಯ ತೋಳನ್ನು ಒದ್ದೆ ಮಾಡಿದ್ದಕ್ಕೆ ಕ್ಷಮೆ ಇರಲಿ.

ಬಿಟ್ಟುಬಂದ ಹಾಡುಗಳನ್ನು ಏಪ್ರಿಲ್‌ನಲ್ಲಿ ಅದೇ ಅಡುಗೆಮನೆಯಲ್ಲಿ ಮುಗಿಸಿದೆವು. ಐರಿಷಿನಲ್ಲಿ 'ನಾನು ದುಃಖದಲ್ಲಿದ್ದೇನೆ' ಎನ್ನಲು 'ತಾ ಬ್ರೋನ್ ಓರಮ್' ಎನ್ನುತ್ತಾರೆ, ದುಃಖ ನನ್ನ ಮೇಲಿದೆ ಎಂದು. ಏಳನೆಯ ಹಾಡಿನ ಪಲ್ಲವಿಯಲ್ಲಿ ಬರುವುದು ಆ ಮಾತು. ಮೇಲಿರುವುದನ್ನು ಇಳಿಸಿಡಬಹುದು, ಅದಕ್ಕೇ ಹಾಗೆನ್ನುತ್ತೇವೆ ಎಂದು ಚಿಕ್ಕಜ್ಜಿ ವಿವರಿಸಿದರು. ವ್ಯಾಕರಣದವರು ಒಪ್ಪುತ್ತಾರೋ ಇಲ್ಲವೋ. ಆ ಹಾಡಿನಲ್ಲಿ ನಾನು ಗಮಕವಿಲ್ಲದೆ ಒಂದೇ ಸ್ವರವನ್ನು ಹಿಡಿದು ನಿಂತಿದ್ದೇನೆ. ಅದು ಮುಗಿಯುವಾಗ ಹಿಂದೆ 'ಠಕ್' ಎಂದು ಒಂದು ಸದ್ದು ಕೇಳಿಸುತ್ತದೆ. ಡಿಸ್ಕ್ ಕೆಟ್ಟಿದೆಯೇ ಎಂದು ಇಬ್ಬರು ಕೇಳಿದ್ದೀರಿ. ಇಲ್ಲ, ಅದು ಚಿಕ್ಕಜ್ಜಿ ಒಲೆಯ ಬಾಗಿಲು ಮುಚ್ಚಿದ್ದು. ಮುದ್ರಣ ನಡೆಯುತ್ತಿದ್ದರೆ ಬೆಂಕಿ ಆರಿಸಬೇಕೇ ಎಂದು ಅವರ ವಾದ. ಧ್ವನಿಯ ಹುಡುಗ ಅಳಿಸುತ್ತೇನೆಂದ, ನಾವಿಬ್ಬರೂ ಬಿಡಲಿಲ್ಲ.

ಐರಿಷಿನಲ್ಲಿ ಧನ್ಯವಾದಕ್ಕೆ 'ಗೊ ರೆವ್ ಮಹ್ ಅಗತ್' ಎನ್ನುತ್ತಾರೆ, ನಿನಗೆ ಒಳ್ಳೆಯದಾಗಲಿ ಎಂದರ್ಥ. ನಮ್ಮಲ್ಲಿ ಹಿರಿಯರು ಕಿರಿಯರಿಗೆ ಹೇಳುವ ಮಾತು ಅದು. ನಾನು ಹೇಳಿದಾಗಲೆಲ್ಲ ಏನೋ ಅಧಿಕಪ್ರಸಂಗ ಮಾಡಿದ ಹಾಗಾಗುತ್ತದೆ, ಆದರೂ ಹೇಳುತ್ತೇನೆ. ಅವರು ಪ್ರತಿ ಭಾನುವಾರ ಫೋನಿನಲ್ಲಿ ಅಮ್ಮನನ್ನು ಹೆಸರು ಹಿಡಿದು ವಿಚಾರಿಸುತ್ತಾರೆ. ಆ ಒಂದು ಅಕ್ಷರ ಇನ್ನೂ ತಪ್ಪೇ ಇದೆ, ನಾನು ತಿದ್ದಿಲ್ಲ.

ಅಮ್ಮ ಆಲ್ಬಂ ಅನ್ನು ತಮ್ಮನ ಮೊಬೈಲಿನಲ್ಲಿ ಕೇಳಿದಳು. "ಮೂರನೆಯದರಲ್ಲಿ ಶ್ರುತಿ ಒಂದು ಕೂದಲೆಳೆ ಇಳಿದಿದೆ, ಆ ಹುಡುಗಿ ಮಾತ್ರ ಚೆನ್ನಾಗಿ ಹಾಡುತ್ತಾಳೆ" ಎಂದಳು. ಮೊಬೈಲಿನ ಸದ್ದು ಸದ್ದೇ ಅಲ್ಲವಂತೆ, ಸರಿಯಾಗಿ ಸಿಡಿ ಹಾಕಿ ಕೇಳಬೇಕಂತೆ. ಡಿಸೆಂಬರಿನಲ್ಲಿ ಮೈಸೂರಿಗೆ ಇಪ್ಪತ್ತು ಪ್ರತಿ ತರುತ್ತಿದ್ದೇನೆ, ಬೇಕಾದವರು ತಿಳಿಸಿ. ಹಾಗೆಯೇ ಸಿಡಿ ಹಾಕುವ ಪೆಟ್ಟಿಗೆ ಯಾರ ಮನೆಯ ಅಟ್ಟದ ಮೇಲಾದರೂ ಇನ್ನೂ ಉಳಿದಿದ್ದರೆ ದಯವಿಟ್ಟು ಇಳಿಸಿ ಧೂಳು ಕೊಡವಿಡಿ. ನಮ್ಮ ಮನೆಯದನ್ನು ತಮ್ಮ ಎಂದೋ ಹಳೆಯ ಕಬ್ಬಿಣದವನಿಗೆ ಕೊಟ್ಟಿದ್ದಾನೆ.