ಭೂಮಿ ಹುಣ್ಣಿಮೆಗೆ ಗದ್ದೆ ಬೇಕು

ನವರಾತ್ರಿಯ ಗೊಂಬೆಗಳು ಇನ್ನೂ ಪೆಟ್ಟಿಗೆ ಸೇರಿರುವುದಿಲ್ಲ, ಆಗಲೇ ದೀಪಾವಳಿಗೆ ಸಭಾಂಗಣ ಕಾದಿರಿಸುವ ಗಡಿಬಿಡಿ. ಈ ಎರಡರ ನಡುವೆ ಬರುವ ಒಂದು ಹಬ್ಬ ಆಸ್ಟ್ರೇಲಿಯಾದ ನಮ್ಮ ಸಂಘದ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಸಾಗರ, ಸೊರಬ, ಹೊಸನಗರದ ಕಡೆಯವರನ್ನು ಕೇಳಿ, ಹೇಳುತ್ತಾರೆ. ಆಶ್ವಯುಜದ ಹುಣ್ಣಿಮೆ ಮಲೆನಾಡಿಗೆ ಭೂಮಿ ಹುಣ್ಣಿಮೆ. ಉತ್ತರ ಕರ್ನಾಟಕದವರು ಅದೇ ಸೀಗೆ ಹುಣ್ಣಿಮೆಯಂದು ಹೊಲಕ್ಕೆ ಹೋಗಿ ಭೂಮಿಗೆ ಎಡೆಯಾಗಿ ಚರಗ ಚೆಲ್ಲುತ್ತಾರೆ.

ಮಳೆಗಾಲದಲ್ಲಿ ನಾಟಿಯಾದ ಭತ್ತ ಈ ಹೊತ್ತಿಗೆ ಹೊಡೆಗಟ್ಟಿರುತ್ತದೆ, ತೆನೆ ಇನ್ನೂ ಒಡಲೊಳಗೇ ಇರುತ್ತದೆ. ಅಂದರೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆಯ ಊಟ ಹಾಕಬೇಕು, ಹಬ್ಬದ ಅರ್ಥ ಇಷ್ಟೇ. ಆದರೆ ಆ ಊಟ ಸುಮ್ಮನೆ ಆಗುವುದಲ್ಲ. ಹಿಂದಿನ ರಾತ್ರಿ ಮನೆಯ ಹೆಂಗಸರಿಗೆ ನಿದ್ದೆಯಿಲ್ಲ. ಬೇಲಿ, ಗದ್ದೆಯಂಚು, ಗುಡ್ಡ ಸುತ್ತಿ ಕೊಯ್ದು ತಂದ ಸೊಪ್ಪುಗಳನ್ನೆಲ್ಲ ಬೆರೆಸಿ ಹಚ್ಚಂಬಲಿ ಬೇಯಿಸಬೇಕು. ಮಾತಿಗೆ ನೂರೊಂದು ಕುಡಿ ಎನ್ನುತ್ತಾರೆ, ಎಣಿಸಿದವರನ್ನು ನಾನು ಕಂಡಿಲ್ಲ. ಜೊತೆಗೆ ಕೊಟ್ಟೆ ಕಡುಬು, ಸೌತೆಕಾಯಿ ಕಡುಬು, ಕೆಸುವಿನ ಪಲ್ಯ, ಮೊಸರನ್ನದ ಬುತ್ತಿ, ಪಾಯಸ. ಬೆಳಕು ಹರಿಯುವ ಮೊದಲೇ ಮನೆಯ ಗಂಡಸು ಬುಟ್ಟಿ ಹೊತ್ತು, ದೀಪ ಹಿಡಿದು ಗದ್ದೆಗಿಳಿಯುತ್ತಾನೆ. ಬಂದು ಉಂಡು ಹೋಗು ತಾಯಿ ಎಂದು ಕೂಗುತ್ತಾ ಹಚ್ಚಂಬಲಿಯನ್ನು ಪೈರಿನ ಮೇಲೆ ಎರಚುತ್ತಾನೆ. ಹಗಲಾದ ಮೇಲೆ ಮನೆಮಂದಿಯೆಲ್ಲ ಹೋಗಿ ಭತ್ತದ ಬುಡಕ್ಕೆ ಪೂಜೆ ಮಾಡಿ, ಮಣ್ಣಿನಲ್ಲಿ ಕಡುಬು ಹೂತು, ಕಾಗೆಗೂ ಇಲಿಗೂ ಎಡೆಯಿಟ್ಟು, ಕೊನೆಗೆ ಅಲ್ಲೇ ಕುಳಿತು ಉಣ್ಣುತ್ತಾರೆ. ಪೈರು ತಿನ್ನುವ ಇಲಿಗೂ ಎಲೆ ಹಾಕುವ ಹಬ್ಬ ಇನ್ನೊಂದಿದ್ದರೆ ಓದುಗರು ತಿಳಿಸಬೇಕು.

ಆ ಬುಟ್ಟಿಯ ವಿಷಯ ಬೇರೆಯೇ ಹೇಳಬೇಕು. ಅದಕ್ಕೆ ಭೂಮಣ್ಣಿ ಬುಟ್ಟಿ ಎಂದು ಹೆಸರು. ಮಲೆನಾಡಿನ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚವೆಂದರೆ ಪುಂಡಿ ನಾರು. ಗೆರೆಗಳು ಕೂದಲೆಳೆಯಷ್ಟು ಸಣ್ಣ, ಒಂದೂ ಸೊಟ್ಟಗಿರುವುದಿಲ್ಲ. ಈಗ ಇದೇ ಚಿತ್ತಾರ ಚೌಕಟ್ಟು ಹಾಕಿಸಿಕೊಂಡು ನಗರದ ಗೋಡೆಗಳನ್ನೂ ಏರಿದೆ. ಬರೆಯುವವರ ಕೈಗೆ ನಾಲ್ಕು ಕಾಸು ಬರುವುದಾದರೆ ಸಂತೋಷವೇ, ಆದರೆ ಬುಟ್ಟಿ ಇರುವುದು ಅನ್ನ ಹೊರಲು.

ಭೂಮಿ ಹುಣ್ಣಿಮೆಯನ್ನು ನಾವೂ ವೇದಿಕೆಯ ಮೇಲೆ ಮಾಡಿ ತೋರಿಸೋಣ ಎಂಬ ಸಲಹೆ ಬಂದಿದೆ. ನನಗೆ ಒಪ್ಪಿಗೆಯಿಲ್ಲ. ರಟ್ಟಿನ ಪೈರಿಗೆ ಬಯಕೆ ಎಲ್ಲಿಂದ ಬರಬೇಕು? ಅದೂ ಅಲ್ಲದೆ, ಶಿವಮೊಗ್ಗದಲ್ಲಿ ಶರತ್ಕಾಲ ಇರುವಾಗ ಆಸ್ಟ್ರೇಲಿಯಾದಲ್ಲಿ ವಸಂತ. ನಮಗೆ ಹತ್ತಿರದ ಭತ್ತದ ಸೀಮೆಯಾದ ನ್ಯೂ ಸೌತ್ ವೇಲ್ಸ್‌ನ ರಿವರಿನಾದಲ್ಲಿ ಅಕ್ಟೋಬರ್ ಎಂದರೆ ಬಿತ್ತನೆಯ ಕಾಲ. ಲೀಟನ್, ಗ್ರಿಫಿತ್ ಕಡೆಯ ಗದ್ದೆಗಳು ಹೊಡೆಗಟ್ಟುವುದು ಜನವರಿಯ ನಂತರ. ಪಂಚಾಂಗ ಹಿಡಿದು ಹೊರಟರೆ ಇನ್ನೂ ಬಸುರೇ ಆಗದವಳಿಗೆ ಸೀಮಂತ ಮಾಡಿದಂತಾಗುತ್ತದೆ.

ಹಾಗಾಗಿ ನನ್ನ ವಾದ ನೇರವಾಗಿದೆ: ಈ ಹಬ್ಬವನ್ನು ಮಾಘದ ಹುಣ್ಣಿಮೆಗೆ ಸರಿಸೋಣ. ಹಿರಿಯರು ಹುಬ್ಬೇರಿಸುವುದು ಗೊತ್ತು. ಆದರೆ ಯುಗಾದಿಯನ್ನೂ ಗಣೇಶನನ್ನೂ ಸಭಾಂಗಣ ಸಿಕ್ಕ ಶನಿವಾರಕ್ಕೆ ಸರಿಸುವ ನಮಗೆ, ಪೈರಿನ ಸಲುವಾಗಿ ಒಂದು ಹಬ್ಬ ಸರಿಸುವುದು ಮೈಲಿಗೆಯೇನೂ ಅಲ್ಲ. ಬೇಕಾಗಿರುವುದು ಒಂದು ಬಸ್ಸು ಮತ್ತು ತನ್ನ ಗದ್ದೆಗೆ ನಾವು ಅನ್ನ ಎರಚುವುದನ್ನು ನೋಡಿ ಗಾಬರಿಯಾಗದ ಒಬ್ಬ ರೈತ. ಎರಡನೆಯದು ಕಷ್ಟ. ಅಂಥವರ ಪರಿಚಯ ಇರುವ ಸದಸ್ಯರು ಸಮಿತಿಗೆ ತಿಳಿಸಿ. ಕೂಗುವ ಮಾತು ಊರಿಂದೂರಿಗೆ ಬೇರೆ, ಆದ್ದರಿಂದ ನಿಮ್ಮ ಮನೆಯಲ್ಲಿ ಕೂಗುತ್ತಿದ್ದುದನ್ನು ಹಾಗೆಯೇ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ತಿದ್ದದೆ ಅಚ್ಚು ಹಾಕುತ್ತೇವೆ.