ಮನೋವೈದ್ಯಕೀಯ ಪಿಜಿಗಳ ಪಕ್ಕದಲ್ಲಿ ಬೋಧಕರು ಕೂರಲಿ

ಮಾನ್ಯ ಸಂಪಾದಕರೇ,

ಮನೋವೈದ್ಯರ ಕೊರತೆಯ ಮಾತು ಬಂದಾಗಲೆಲ್ಲ ಸ್ನಾತಕೋತ್ತರ ಸೀಟು ಹೆಚ್ಚಿಸಿ ಎಂಬ ಬೇಡಿಕೆ ಏಳುತ್ತದೆ. ಹೆಚ್ಚಿಸಲಿ. ಆದರೆ ಎಂ.ಡಿ.ಯ ಮೂರು ವರ್ಷಗಳಲ್ಲಿ ಈ ಸ್ನಾತಕೋತ್ತರ ವಿದ್ಯಾರ್ಥಿಗಳು (ಪಿಜಿಗಳು) ಏನನ್ನು, ಯಾರ ಕಣ್ಣೆದುರು ಕಲಿಯುತ್ತಾರೆ ಎಂಬ ಚರ್ಚೆ ನಡೆಯುತ್ತಲೇ ಇಲ್ಲ.

ಮನೋರೋಗಗಳಲ್ಲಿ ಹೆಚ್ಚಿನವನ್ನು ಸ್ಕ್ಯಾನ್ ಮಾಡಿ ಗುರುತಿಸಲಾಗದು. ರೋಗಿ ಹೇಳಿದ್ದು, ಮನೆಯವರು ಹೇಳಿದ್ದು, ವೈದ್ಯರ ಕಣ್ಣಿಗೆ ಬಿದ್ದದ್ದು, ಇವುಗಳ ಮೇಲೇ ನಿರ್ಣಯ ನಿಲ್ಲುತ್ತದೆ. ಶಸ್ತ್ರಚಿಕಿತ್ಸೆ ಕಲಿಯುವವರ ಪಕ್ಕದಲ್ಲಿ ಪ್ರಾಧ್ಯಾಪಕರು ಗ್ಲೌಸ್ ಹಾಕಿಕೊಂಡು ನಿಂತಿರುತ್ತಾರೆ. ಮನೋವೈದ್ಯಕೀಯದಲ್ಲಿ ಬಹಳ ಕಡೆ ಪಿಜಿ ಒಬ್ಬರೇ ಮಾತಾಡಿಸಿ, ಬರೆದುಕೊಂಡದ್ದನ್ನು ಆಮೇಲೆ ಒಪ್ಪಿಸುತ್ತಾರೆ. ಪ್ರಶ್ನೆಯನ್ನು ಹೇಗೆ ಕೇಳಿದರು, ಉತ್ತರ ಬರುವ ಮುಂಚೆಯೇ ಮುಂದಿನದಕ್ಕೆ ಹೋದರೇ ಎಂಬುದು ಆ ಹಾಳೆಯಲ್ಲಿ ಇರುವುದಿಲ್ಲ.

ಹೊಸ ರೋಗಿಯ ಪೂರ್ತಿ ಹಿಸ್ಟರಿ ಮತ್ತು ಮನಃಸ್ಥಿತಿ ಪರೀಕ್ಷೆಗೆ ಮುಕ್ಕಾಲು ಗಂಟೆಯಾದರೂ ಬೇಕು. ಓಪಿಡಿ ಸಾಲು ಬೆಳೆದಂತೆ ಮೊದಲು ಕೈಬಿಡುವುದು ರೋಗಿಯನ್ನು ಒಂಟಿಯಾಗಿ ಮಾತಾಡಿಸುವ ಕೆಲಸ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಸೊಸೆ 'ನಿದ್ದೆ ಬರಲ್ಲ, ಮೈಯೆಲ್ಲ ಉರಿ' ಎನ್ನುತ್ತಾಳೆ, ಅಷ್ಟೇ. ಅತ್ತೆಯನ್ನು ಹೊರಗೆ ಕೂರಿಸಿದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕೇಳಬೇಕು: ಬದುಕು ಸಾಕೆನಿಸಿದೆಯೇ? ಸಾಯುವ ಯೋಚನೆ ಬರುತ್ತದೆಯೇ? ಏನಾದರೂ ತಯಾರಿ ಮಾಡಿಕೊಂಡಿದ್ದೀರಾ? ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾದೀತು ಎಂದು ಹೊಸಬರು ಅಳುಕುತ್ತಾರೆ. ಹಾಗೆ ಆಗುವುದಿಲ್ಲ, ಕೇಳಿದ್ದರಿಂದ ಎಷ್ಟೋ ಜನರಿಗೆ ಎದೆಯ ಭಾರ ಇಳಿಯುತ್ತದೆ. ಮನೆಯಲ್ಲಿ ಕೀಟನಾಶಕ ಇದ್ದರೆ ಇವತ್ತೇ ಹೊರಗೆ ಸಾಗಿಸಿ ಎಂದು ಮನೆಯವರಿಗೆ ಹೇಳುವವರೆಗೂ ಆ ಸಂದರ್ಶನ ಮುಗಿಯಿತೆನ್ನಲಾಗದು. ಇದನ್ನೆಲ್ಲ ಪುಸ್ತಕ ಓದಿ ರೂಢಿಸಿಕೊಳ್ಳಲು ಆಗುವುದಿಲ್ಲ.

ರಾತ್ರಿ ಡ್ಯೂಟಿಯ ಅಪಾಯ ಬೇರೆ ಬಗೆಯದು. ದಿಢೀರನೆ ಏನೇನೋ ಮಾತಾಡುವ, ಇಲ್ಲದ್ದು ಕಾಣುತ್ತದೆ ಎನ್ನುವ ರೋಗಿಯನ್ನು ಕ್ಯಾಶುಯಲ್ಟಿಯಿಂದ ನೇರ ಮನೋವೈದ್ಯಕೀಯ ವಾರ್ಡಿಗೆ ಕಳಿಸುತ್ತಾರೆ. ದಿನ, ಜಾಗ ಗೊತ್ತಿಲ್ಲ, ವಾರದ ಹೆಸರನ್ನು ಹಿಂದುಮುಂದಾಗಿ ಹೇಳಲಾಗುತ್ತಿಲ್ಲ, ಗಂಟೆಗೊಂದು ಥರ ಇದ್ದಾರೆ ಎಂದರೆ ಕಾರಣ ದೇಹದ ಕಾಯಿಲೆಯಿರಬಹುದು; ಮೊದಲು ರಕ್ತದ ಸಕ್ಕರೆ, ಸೋಡಿಯಂ, ಜ್ವರ ನೋಡಬೇಕು. ಕೊನೆಯ ಸಲ ಕುಡಿದದ್ದು ಯಾವಾಗ ಎಂದು ಕೇಳಬೇಕು. ಮದ್ಯ ಬಿಟ್ಟ ಎರಡು-ಮೂರನೆಯ ದಿನ ಬರುವ ಸನ್ನಿ ಪ್ರಾಣಕ್ಕೇ ಕುತ್ತು. ಅಂಥವರಿಗೆ ಗ್ಲೂಕೋಸ್ ಡ್ರಿಪ್‌ಗೆ ಮೊದಲು ಥಯಾಮಿನ್ (ಬಿ1 ವಿಟಮಿನ್) ಇಂಜೆಕ್ಷನ್ ಹೋಗಬೇಕು, ತಪ್ಪಿದರೆ ಮಿದುಳಿಗೆ ಹಾನಿಯಾದೀತು. ಔಷಧಗಳ ವಿಷಯದಲ್ಲೂ ಇಂಥ ಎಡವಟ್ಟುಗಳಿವೆ. ಮನಸ್ಸಿನ ಏರಿಳಿತ ತಡೆಯಲು ಕೊಡುವ ಲಿಥಿಯಂನ ರಕ್ತದ ಮಟ್ಟ ನೋಡಲು ಕೊನೆಯ ಮಾತ್ರೆಯ 12 ಗಂಟೆ ನಂತರ ರಕ್ತ ತೆಗೆಯಬೇಕು. ಬೆಳಿಗ್ಗೆ ಮಾತ್ರೆ ನುಂಗಿ ಬಂದವರ ರಕ್ತ ತೆಗೆದರೆ ಅಂಕಿ ಸುಳ್ಳಾಗಿ ಏರುತ್ತದೆ. ಬೇರೆ ಔಷಧಕ್ಕೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ 48 ಗಂಟೆಗಿಂತ ಹೆಚ್ಚು ತಪ್ಪಿದ್ದರೆ ಹಳೆಯ ಡೋಸ್ ಕೊಡುವಂತಿಲ್ಲ, 12.5 ಮಿಲಿಗ್ರಾಂನಿಂದ ಮತ್ತೆ ಶುರು. ಮಧ್ಯರಾತ್ರಿ ಇದನ್ನು ಕೇಳಿಕೊಳ್ಳಲು ಫೋನ್ ಎತ್ತುವ ಹಿರಿಯರು ಇರಲೇಬೇಕು.

ಆದ್ದರಿಂದ ವೈದ್ಯಕೀಯ ಶಿಕ್ಷಣ ಇಲಾಖೆ ಮತ್ತು ಕಾಲೇಜುಗಳಿಗೆ ನಮ್ಮ ಕೋರಿಕೆ: ಮೊದಲ ವರ್ಷದ ಪ್ರತಿ ಪಿಜಿಯ ಒಂದು ಪೂರ್ತಿ ಸಂದರ್ಶನದಲ್ಲಿ ವಾರಕ್ಕೊಮ್ಮೆಯಾದರೂ ಬೋಧಕರು ಕೂತಿರಲಿ, ಮಧ್ಯೆ ಬಾಯಿ ಹಾಕದೆ ನೋಡಲಿ, ಕಂಡದ್ದನ್ನು ಲಾಗ್‌ಬುಕ್‌ನಲ್ಲಿ ಬರೆಯಲಿ. ಸರ್ಕಾರಿ ಕಾಲೇಜುಗಳ ಅರ್ಧದಷ್ಟು ಪಿಜಿ ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುವುದರಿಂದ ಕನ್ನಡ ಬಾರದವರು ಬರುತ್ತಾರೆ; ಅದು ಅವರ ತಪ್ಪಲ್ಲ. ಮೊದಲ ಮೂರು ತಿಂಗಳು ಅವರಿಗೆ ದಿನಕ್ಕೊಂದು ಗಂಟೆ ಆಡುಗನ್ನಡ ಕಲಿಸುವ ಏರ್ಪಾಡು ಕಾಲೇಜಿನದೇ ಆಗಬೇಕು. ವಾರ್ಡಿನ ನರ್ಸ್ ಅಥವಾ ಆಯಾರನ್ನು ದುಭಾಷಿಯಾಗಿ ನಿಲ್ಲಿಸಿಕೊಂಡರೆ ರೋಗಿಯ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ.

ಇನ್ನು ಎಲ್ಲ ಪಿಜಿಗಳಿಗೂ ಕಡ್ಡಾಯವಾದ ಮೂರು ತಿಂಗಳ ಜಿಲ್ಲಾ ಡ್ಯೂಟಿ. ಮನೋವೈದ್ಯಕೀಯದವರನ್ನು ಆ ಅವಧಿಯಲ್ಲಿ ಸಾಮಾನ್ಯ ಕ್ಯಾಶುಯಲ್ಟಿಯ ಖಾಲಿ ಜಾಗ ತುಂಬಲು ಬಳಸಬಾರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯಕ್ಕಾಗಿ ನಡೆಯುವ ಮನೋಚೈತನ್ಯ ಕ್ಲಿನಿಕ್‌ಗೆ ಜಿಲ್ಲಾ ಮನೋವೈದ್ಯರ ಜೊತೆ ಕಳಿಸಲಿ. ಡ್ಯೂಟಿ ಮುಗಿದ ಪತ್ರಕ್ಕೆ ಆ ಮನೋವೈದ್ಯರ ಸಹಿಯೂ ಕಡ್ಡಾಯವಾಗಲಿ.

— ಮನೋವೈದ್ಯಕೀಯ ಬೋಧಕರು, ಬೆಂಗಳೂರು