ಯುದ್ಧ ಮುಗಿದ ಮೇಲಿನ ಊರು

ಪ್ರೀತಿಯ ತಮ್ಮ,

ನಿನ್ನ ಹಸ್ತಪ್ರತಿಯನ್ನೂ ಅದರ ಜೊತೆಗಿದ್ದ ಉದ್ದನೆಯ ಪತ್ರವನ್ನೂ ಓದಿ ಮುಗಿಸಿದೆ. ಟೋಲ್ಕಿನ್ ಬರೆದ ‘ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿ ಮೇಲೋ ಅದರ ಸಿನಿಮಾ ಮೇಲೋ ಎಂದು ಶಿವಮೊಗ್ಗದಲ್ಲಿ ಗೆಳೆಯರೊಂದಿಗೆ ರಾತ್ರಿಯಿಡೀ ವಾದ ಮಾಡಿದೆ, ಪುಸ್ತಕದ ಪರ ನಿಂತವನು ನಾನೊಬ್ಬನೇ, ಸಿನಿಮಾ ಬಂದ ಮೇಲೆ ಮೂಲ ಯಾರಿಗೂ ಬೇಡವೆಂದಾದರೆ ನಾನು ಬರೆಯುವುದಾದರೂ ಏಕೆ ಎಂದು ಕೇಳಿದ್ದೀಯ. ಆ ಸಾಲು ಓದಿ ಸಂಕಟವಾಯಿತು. ಪ್ರಕಾಶಕರನ್ನು ಹುಡುಕುವುದು ಹೇಗೆ, ಅಧ್ಯಾಯ ಎಷ್ಟು ಉದ್ದವಿರಬೇಕು ಎಂಬ ಉಳಿದ ಪ್ರಶ್ನೆಗಳನ್ನು ಬದಿಗಿಡುತ್ತೇನೆ. ಅವಕ್ಕೆ ಉತ್ತರ ಹೇಳುವವರು ಬೇಕಾದಷ್ಟು ಜನ ಇದ್ದಾರೆ.

‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾಗಳ ಮೇಲೆ ನೀನು ಮಾಡಿರುವ ದೂರಿನ ಪಟ್ಟಿ ನೋಡಿದೆ. ಕಾಡಿನಲ್ಲಿ ಹಾಡುತ್ತಾ ಅಲೆಯುವ ಟಾಮ್ ಬಾಂಬಡಿಲ್ ಇಲ್ಲವೇ ಇಲ್ಲ. ಗ್ಲೋರ್‌ಫಿಂಡೆಲ್ ಮಾಡಬೇಕಾದ ಕೆಲಸವನ್ನು ಆರ್ವೆನ್ ಮಾಡುತ್ತಾಳೆ. ಪುಸ್ತಕದ ಸೇನಾನಾಯಕ ಫರಾಮಿರ್ ಅಪಾರ ಅಧಿಕಾರ ಕೊಡುವ ಉಂಗುರದ ಆಸೆಗೆ ಬೀಳುವುದಿಲ್ಲ, ಸಿನಿಮಾದಲ್ಲಿ ಅವನು ಅದನ್ನು ಹೊತ್ತ ಫ್ರೋಡೋನನ್ನು ಸೆರೆಹಿಡಿದು ಆಸ್ಗಿಲಿಯಾತ್‌ವರೆಗೆ ಎಳೆದೊಯ್ಯುತ್ತಾನೆ. ಎಲ್ಲವೂ ನಿಜ. ಆದರೆ ಎಲ್ಲಕ್ಕೂ ಒಂದೇ ತೂಕ ಕೊಟ್ಟಿದ್ದೀಯಲ್ಲ, ಅದಕ್ಕೆ ನನ್ನ ತಕರಾರು. ಬಾಂಬಡಿಲ್ ಹೋದರೆ ಒಂದು ಸೊಗಸು ಹೋಯಿತು, ಅಷ್ಟೇ. ಫರಾಮಿರ್ ಬದಲಾದರೆ, ಕೈಗೆ ಸಿಕ್ಕ ಅಧಿಕಾರವನ್ನು ಬೇಡವೆನ್ನುವ ಮನುಷ್ಯನೂ ಇರಬಲ್ಲ ಎಂಬ ಮಾತೇ ಅಲುಗಾಡುತ್ತದೆ.

ನಮ್ಮ ಕಡೆಯ ತಾಳಮದ್ದಳೆಯನ್ನು ನೆನಪು ಮಾಡಿಕೋ. ಭಾಗವತರು ಹಾಡುವ ಪದ್ಯ ಪ್ರಸಂಗದ್ದು, ಅರ್ಥಧಾರಿ ಆಡುವ ಮಾತು ಅವನ ಸ್ವಂತದ್ದು. ಅವನು ಎಷ್ಟು ದೂರ ಹೋದರೂ ಜನ ತಲೆದೂಗುತ್ತಾರೆ, ಬಿಟ್ಟದ್ದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಕರ್ಣನ ಬಾಯಲ್ಲಿ ಪ್ರಾಣಭಿಕ್ಷೆಯ ಮಾತು ಬರಲಿ ನೋಡು, ಹಿಂದಿನ ಸಾಲಿನ ಅಜ್ಜನೂ ಎದ್ದು ಹೋಗುತ್ತಾನೆ.

ಟೋಲ್ಕಿನ್ ತಾವೇ ಈ ಜಗಳವಾಡಿದವರು. 1958ರಲ್ಲಿ ತಮ್ಮ ಕೃತಿಯ ಒಂದು ಚಿತ್ರಕಥೆಯನ್ನು ಓದಿ, ಸಾಲುಸಾಲಿಗೂ ಆಕ್ಷೇಪ ಎತ್ತಿ ದೀರ್ಘವಾದ ಪತ್ರ ಬರೆದರು. ಬೇಕಾದ್ದನ್ನು ಆಯ್ದುಕೊಂಡು ಉಳಿದದ್ದನ್ನು ಬಿಡುವುದಕ್ಕೆ ಅವರ ಒಪ್ಪಿಗೆಯಿತ್ತು. ಎಲ್ಲವನ್ನೂ ಒತ್ತಿ ತುಂಬುವುದು, ಕಂಡಕಂಡಲ್ಲಿ ಹೊಡೆದಾಟ ತರುವುದು ಅವರಿಗೆ ಸೇರಲಿಲ್ಲ. ಮೂಲದ ತಿರುಳು ಎಲ್ಲಿದೆ ಎಂಬುದೇ ಚಿತ್ರಕಥೆ ಬರೆದವನಿಗೆ ಕಂಡಿಲ್ಲ ಎಂಬುದು ಅವರ ದೊಡ್ಡ ದೂರು.

ತಿರುಳು ನಿನಗೆ ಕಂಡಿದೆಯೇ? ನಿನ್ನ ಪಟ್ಟಿಯ ಕಟ್ಟಕಡೆಯಲ್ಲಿ, ಫ್ರೋಡೋನ ಊರಾದ ಶೈರ್ ಬಗ್ಗೆ, ಯಾವುದೋ ಮರೆತ ಸಾಮಾನಿನಂತೆ, ‘ಶೈರ್‌ನ ಅಧ್ಯಾಯ ಇಲ್ಲ’ ಎಂದು ಒಂದೇ ಸಾಲು ಬರೆದಿದ್ದೀಯ. ಯುದ್ಧ ಮುಗಿದ ಮೇಲಿನ ಪುಟಗಳು ಎಳೆದಂತೆ ಅನ್ನಿಸಿದವು ಎಂದೂ ಸೇರಿಸಿದ್ದೀಯ. ಆ ಪುಟಗಳಲ್ಲಿ ಏನಿದೆ ಎಂದು ಪುಸ್ತಕ ತೆರೆದು ಮತ್ತೆ ನೋಡು. ಲೋಕವನ್ನೇ ಉಳಿಸಿದ ಫ್ರೋಡೋ, ಅವನ ಜೊತೆಗಾರ ಸ್ಯಾಮ್ ಸೇರಿ ನಾಲ್ವರು ಗೆಳೆಯರು ಊರಿಗೆ ಮರಳಿದರೆ ಊರು ಊರಾಗಿ ಉಳಿದಿಲ್ಲ. ಗೋಡೆಯ ಮೇಲೆ ನಿಯಮಗಳ ಪಟ್ಟಿ. ಮನೆಗಳಿದ್ದ ಸಾಲನ್ನು ಅಗೆದು ಮರಳಿನ ಗುಂಡಿ ಮಾಡಿದ್ದಾರೆ. ಹಳೆಯ ಗಿರಣಿಯ ಜಾಗದಲ್ಲಿ ದೊಡ್ಡ ಗಿರಣಿ ಎದ್ದು ಹೊಳೆಗೆ ಕೊಳಕು ಬಿಡುತ್ತಿದೆ. ಫ್ರೋಡೋನ ಹಿರಿಯ ಬಂಧು ಬಿಲ್ಬೋನ ಹುಟ್ಟುಹಬ್ಬದ ಮರ ಕಡಿದು ಬಿದ್ದಿರುವುದನ್ನು ಕಂಡು ಸ್ಯಾಮ್ ಅಳುತ್ತಾನೆ. ಉಂಗುರ ಹೊತ್ತು ನಡೆದಾಗ ಗಟ್ಟಿಯಾಗಿದ್ದವನು ಮರಕ್ಕಾಗಿ ಅಳುತ್ತಾನೆ! ಈ ಭಾಗ ಮೊದಲಿನಿಂದಲೂ ತಮ್ಮ ಮನಸ್ಸಿನಲ್ಲಿತ್ತು, ಕಥೆಗೆ ಅತ್ಯಗತ್ಯವಾಗಿತ್ತು ಎಂದು ಟೋಲ್ಕಿನ್ ಎರಡನೇ ಆವೃತ್ತಿಯ ಮುನ್ನುಡಿಯಲ್ಲಿ ಹೇಳಿದ್ದಾರೆ. ತಾವು ಬಾಲ್ಯ ಕಳೆದ ಸೀಮೆ ತಮಗೆ ಹತ್ತು ತುಂಬುವ ಮೊದಲೇ ಹಾಳಾಗುತ್ತಿದ್ದದ್ದನ್ನು ಅಲ್ಲಿ ನೆನೆಯುತ್ತಾರೆ. ಒಂದು ಕಾಲಕ್ಕೆ ಚೆನ್ನಾಗಿ ನಡೆಯುತ್ತಿದ್ದ ಗಿರಣಿಯೊಂದು ಪಾಳುಬಿದ್ದ ಚಿತ್ರವನ್ನು ಪತ್ರಿಕೆಯಲ್ಲಿ ಕಂಡದ್ದನ್ನೂ ಬರೆಯುತ್ತಾರೆ.

ನಿರ್ದೇಶಕ ಪೀಟರ್ ಜಾಕ್ಸನ್ 2003ರ ಕೊನೆಯ ಚಿತ್ರದಲ್ಲಿ ಇದನ್ನು ಪೂರ್ತಿ ಬಿಟ್ಟರು. ನಾಲ್ವರೂ ಹೋಟೆಲಿನಲ್ಲಿ ಕುಳಿತು ಮೌನವಾಗಿ ಕುಡಿಯುತ್ತಾರೆ, ಸುತ್ತಲಿನ ಜನ ತಮ್ಮ ಪಾಡಿಗೆ ತಾವಿರುತ್ತಾರೆ. ಚೆನ್ನಾದ ದೃಶ್ಯವೇ. ಆ ಚಿತ್ರಕ್ಕೆ 11 ಆಸ್ಕರ್ ಬಂದದ್ದಕ್ಕೆ ನನಗೆ ಬೇಸರವಿಲ್ಲ, ಬೆಟ್ಟದಿಂದ ಬೆಟ್ಟಕ್ಕೆ ಎಚ್ಚರಿಕೆಯ ಬೆಂಕಿ ಹತ್ತುತ್ತಾ ಹೋಗುವುದು ಪುಸ್ತಕದಲ್ಲಿಗಿಂತ ತೆರೆಯ ಮೇಲೆ ಹಿರಿದಾಗಿ ಬಂದಿದೆ. ಆದರೆ ನೀನು ಎಷ್ಟು ಬದಲಾದರೂ ನಿನ್ನ ಮನೆ ಮಾತ್ರ ಇದ್ದಂತೆಯೇ ಇರುತ್ತದೆ ಎಂದು ಸಿನಿಮಾ ಹೇಳುತ್ತದೆ. ಪುಸ್ತಕ ಹಾಗೆ ಹೇಳುವುದಿಲ್ಲ. ಮೂರು ಗಂಟೆ ಮೀರಿದ ಚಿತ್ರಕ್ಕೆ ಇನ್ನೊಂದು ಯುದ್ಧ ಹಿಡಿಸುವುದಿಲ್ಲ ಎಂದು ನಿನ್ನ ಗೆಳೆಯರು ಹೇಳಿದ್ದು ನ್ಯಾಯವೇ, ಆದರೂ ಹೋದದ್ದು ಹೋಯಿತು.

ಈಗ ನಿನ್ನ ಕಾದಂಬರಿಗೆ ಬರುತ್ತೇನೆ. ಶರಾವತಿಯ ಹಿನ್ನೀರಿನ ಕೆಳಗೆ ಒಂದು ರಾಜ್ಯ, ಅಲ್ಲಿಗೆ ಇಳಿದು ಹೋಗುವ ಹುಡುಗ. ಆ ಕಲ್ಪನೆ ನನಗೆ ತುಂಬಾ ಇಷ್ಟವಾಯಿತು, ಅದನ್ನು ಕಂಡವನು ಬರೆಯಲೇಬೇಕಾದವನು. ಅಷ್ಟಾಗಿಯೂ ಕೊಡಚಾದ್ರಿಯ ಬದಿಯಲ್ಲಿ ಸಾವಿರಾರು ಕುದುರೆಗಳನ್ನು ಓಡಿಸಿದ್ದೀಯಲ್ಲ ಮಾರಾಯ, ಜೀಪೇ ತೆವಳಿಕೊಂಡು ಹತ್ತುವ ದಾರಿಯಲ್ಲಿ ಅಷ್ಟು ಬಯಲು ಎಲ್ಲಿ ಸಿಕ್ಕಿತು? ಮೊದಲು ದೂರದ ಬೆಟ್ಟ, ಆಮೇಲೆ ಸೈನ್ಯ, ಆಮೇಲೆ ನಾಯಕನ ಕಣ್ಣು. ಇದು ಕ್ಯಾಮೆರಾ ನೋಡುವ ಕ್ರಮ. ಕೊನೆಗೆ ನಿನ್ನ ಹುಡುಗ ಮೇಲೆದ್ದು ಬಂದಾಗ ಅಂಗಳ, ತೋಟ, ಜಗುಲಿಯ ದೀಪ ಎಲ್ಲವೂ ಇದ್ದಲ್ಲೇ ಇವೆ. ರಾತ್ರಿಯಿಡೀ ಪುಸ್ತಕದ ಪರ ವಾದಿಸಿದವನು ಬರೆಯಲು ಕೂತಾಗ ಸಿನಿಮಾದ ಮುಕ್ತಾಯವನ್ನೇ ಬರೆದಿದ್ದಾನೆ.

ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಸುಮ್ಮನಿರುತ್ತಿದ್ದೆ. ನೀನು ಮುಳುಗಡೆಯ ಮನೆಯವನು. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ಏರಿದಾಗ ಗಂಟುಮೂಟೆ ಕಟ್ಟಿದವರ ಮೊಮ್ಮಗ. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ಕೆಸರಿನಲ್ಲಿ ನಡೆದು ಹೋಗಿ ಹಳೆಯ ಮನೆಯ ಹೊಸ್ತಿಲಿನ ಕಲ್ಲನ್ನು ಸೆರಗಿನಿಂದ ಒರೆಸುತ್ತಾರೆ ಎಂದು ನನಗೆ ಬರೆದ ಪತ್ರದಲ್ಲಿ ಹೇಳಿದ್ದೀಯ, ಕಾದಂಬರಿಯಲ್ಲಿ ಆ ಅಜ್ಜಿ ಎಲ್ಲೂ ಇಲ್ಲ. ಓದುವಾಗ ಶೈರ್‌ನ ಪುಟಗಳು ನಿನ್ನನ್ನು ತಡೆದು ನಿಲ್ಲಿಸಬೇಕಿತ್ತು. ಸಿನಿಮಾ ಮೊದಲೇ ಕಣ್ಣಿನಲ್ಲಿ ಕೂತಿದ್ದರಿಂದ ಅದರಲ್ಲಿಲ್ಲದ್ದನ್ನು ದಾಟಿಕೊಂಡು ಓದಿದ್ದೀಯ.

ಹಿಂದೊಮ್ಮೆ ನನ್ನ ಕಥೆಯೊಂದನ್ನು ಧಾರಾವಾಹಿ ಮಾಡಿದರು. ನನ್ನ ಕಥೆಯಲ್ಲಿ ಮುದುಕಿಯ ಮನೆ ಹೋಗುತ್ತದೆ, ಅವರದ್ದರಲ್ಲಿ ಉಳಿಯಿತು. ನೋಡುವವರಿಗೆ ಸಮಾಧಾನ ಬೇಕು ಎಂದರು. ಆ ಸಿಟ್ಟು ನನಗಿನ್ನೂ ಆರಿಲ್ಲ, ಆರುವುದೂ ಬೇಡ. ಮೂಲಕ್ಕೆ ನಿಷ್ಠೆ ಎಂಬುದೆಲ್ಲ ಹಳೆಯ ಕಾಲದ ಮಾತು ಎಂದ ನಿನ್ನ ಗೆಳೆಯನಿಗೆ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ವಿಷಯ ಹೇಳು. ಅವರ ಅರ್ಥ್‌ಸೀ ಕಥೆಗಳ ನಾಯಕ ಗೆಡ್ ಕೆಂಪುಕಂದು ಬಣ್ಣದವನು. 2004ರ ಟಿವಿ ಸರಣಿ ಆ ಪಾತ್ರವನ್ನು ಬಿಳಿಯ ನಟನಿಗೆ ಕೊಟ್ಟಿತು. ಆಕೆ ಸುಮ್ಮನಿರಲಿಲ್ಲ, ಬಹಿರಂಗವಾಗಿಯೇ ಖಂಡಿಸಿ ಬರೆದರು. ಜಗಳವಾಡುವುದಾದರೆ ಇಂಥದ್ದಕ್ಕೆ ಆಡು, ನಾನೂ ನಿನ್ನ ಜೊತೆ ಇರುತ್ತೇನೆ.

ಹಸ್ತಪ್ರತಿಯನ್ನು ನಾಳೆಯ ಅಂಚೆಗೆ ಹಾಕುತ್ತೇನೆ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಗೀಚಿದ್ದೇನೆ, ಬೇಡವಾದರೆ ಅಳಿಸಿಕೋ. ಮೊದಲು ಕೊನೆಯ ಅಧ್ಯಾಯವನ್ನು ಮತ್ತೆ ಬರೆದು ಕಳುಹಿಸು. ಹುಡುಗ ನೀರಿನಿಂದ ಎದ್ದಾಗ ಅಜ್ಜಿ ಎಲ್ಲಿದ್ದಾರೆ, ಮನೆ ಎಲ್ಲಿದೆ ಎಂದು ನನಗೆ ತಿಳಿಯಬೇಕು. ಕುದುರೆಗಳ ಅಧ್ಯಾಯವನ್ನು ಎಷ್ಟು ತಿದ್ದಿ ಕಳುಹಿಸಿದರೂ ನಾನು ಓದುವುದಿಲ್ಲ.

ನಿನ್ನ ಅಕ್ಕ